ನಾಲ್ಕನೆಯ ಫೌಲ್

ಅವನು ನಮ್ಮ ಟೀಮಿಗೆ ಬಂದ ಮೊದಲ ದಿನವೇ ನನಗೆ ಆಗಿಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ದೊಡ್ಡ ಮನುಷ್ಯನಂತೆ ಎಲ್ಲವನ್ನೂ ತೂಗಿ ನೋಡಿ ಬರೆಯುತ್ತೇನೆ ಎಂದು ಯಾರೂ ಕಾಯಬಾರದು. ನನಗಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ನಾನಾಗ ಕೋಲಾರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಬ್ಯಾಸ್ಕೆಟ್‌ಬಾಲ್ ಟೀಮಿನ ಕ್ಯಾಪ್ಟನ್. ಎರಡು ವರ್ಷ ದೊಡ್ಡ ಹುಡುಗರ ನೀರಿನ ಬಾಟಲಿ ಹೊತ್ತು, ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕೋರ್ಟು ಗುಡಿಸಿ, ಮೂರನೆಯ ವರ್ಷಕ್ಕೆ ಆ ಪಟ್ಟ ಸಿಕ್ಕಿತ್ತು. ಆ ವರ್ಷ ಯೂನಿವರ್ಸಿಟಿ ಟೀಮಿಗೆ ನಮ್ಮ ಕಡೆಯ ಕಾಲೇಜುಗಳಿಂದ ಒಬ್ಬನನ್ನು ತೆಗೆದುಕೊಳ್ಳುತ್ತಾರೆ, ಆರಿಸುವವರು ಫೈನಲ್ ನೋಡಲು ಬರುತ್ತಾರೆ ಎಂದು ನಮಗೆ ಆಟ ಕಲಿಸುತ್ತಿದ್ದ ಪಿ.ಡಿ. ಸರ್ ಹೇಳಿದ್ದರು. ಆಯ್ಕೆಯಾದರೆ ಎದೆಯ ಮೇಲೆ ಲಾಂಛನವಿರುವ ನೀಲಿ ಬ್ಲೇಜರ್. ಹಿಂದೊಬ್ಬ ಸೀನಿಯರ್ ಅದನ್ನು ಬೇಸಿಗೆಯ ಮಟಮಟ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಹಾಕಿಕೊಂಡು ನಿಂತದ್ದನ್ನು ನಾನು ಕಂಡಿದ್ದೆ. ಬೆವರು ಧಾರಾಕಾರ ಸುರಿಯುತ್ತಿತ್ತು, ಆದರೆ ಒಬ್ಬನೂ ನಗಲಿಲ್ಲ. ನನಗೆ ಅದು ಬೇಕಿತ್ತು. ಅದು ಸಿಗುವುದಕ್ಕೆ ಆ ವರ್ಷ ಬಿಟ್ಟರೆ ಇನ್ನೊಂದು ವರ್ಷ ನನಗಿರಲಿಲ್ಲ.

ಅವನು ಮೊದಲ ವರ್ಷದ ಹುಡುಗ. ಮುಳಬಾಗಿಲಿನಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದ. ಮನೆಯಲ್ಲಿ ದಖ್ಖನಿ ಉರ್ದು ಮಾತು. ಅಪ್ಪನದು ಗೇಟು, ಕಿಟಕಿ ಗ್ರಿಲ್ ಮಾಡುವ ಅಂಗಡಿ. ಅಪ್ಪನೇ ಕಂಬಿ ಬಗ್ಗಿಸಿ ಒಂದು ರಿಂಗ್ ಮಾಡಿ ಅಂಗಡಿಯ ಗೋಡೆಗೆ ಬೆಸೆದು ಕೊಟ್ಟಿದ್ದರಂತೆ, ಆಟ ಕಲಿತದ್ದು ಅದರಲ್ಲಿ. "ಅಣ್ಣ, ನಾನೂ ಆಡ್ಬಹುದಾ?" ಎಂದು ಬಂದು ನಿಂತ. ಫ್ರೀ ಥ್ರೋ ಗೆರೆಯಿಂದ ಹತ್ತು ಸಲ ಹಾಕು ಎಂದೆ.

ನಮ್ಮ ಕೋರ್ಟಿನ ಆ ರಿಂಗು ಸ್ವಲ್ಪ ಎಡಕ್ಕೆ ವಾಲಿತ್ತು. ಹೊಸಬರು ಯಾರೇ ಬರಲಿ, ಹತ್ತರಲ್ಲಿ ಮೂರೋ ನಾಲ್ಕೋ ಹಾಕಿ ತಲೆ ಕೆರೆದುಕೊಳ್ಳುತ್ತಿದ್ದರು. ನಾವು ಮಾತ್ರ ಅದರ ವಾಲು ಕಲಿತಿದ್ದೆವು. ನಾನಂತೂ ಎರಡು ವರ್ಷ ಅದಕ್ಕೇ ಕೈ ಪಳಗಿಸಿದ್ದೆ. ಅವನು ಮೊದಲೆರಡನ್ನು ತಪ್ಪಿಸಿದ, ಉಳಿದ ಎಂಟನ್ನೂ ಹಾಕಿದ. ಹಾಕಿ ನನ್ನ ಹತ್ತಿರ ಬಂದು, "ಅಣ್ಣ, ರಿಂಗು ಎಡಕ್ಕೆ ಬಗ್ಗಿದೆ ಅಲ್ವಾ? ಭಾನುವಾರ ಅಪ್ಪನ್ನ ಕರ್ಕೊಂಡ್ ಬಂದು ಸರಿ ಮಾಡಿಸ್ಲಾ?" ಎಂದ.

ನಾನು ಬೇಡ ಎನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಪಿ.ಡಿ. ಸರ್ "ಮಾಡ್ಸಪ್ಪ, ಮಾಡ್ಸು" ಎಂದರು. ಭಾನುವಾರ ಅವನಪ್ಪ ವೆಲ್ಡಿಂಗ್ ಮೆಷಿನ್ ಸಮೇತ ಬಂದು ರಿಂಗು ನೆಟ್ಟಗೆ ಮಾಡಿ ಹೋದರು. ಸೋಮವಾರದಿಂದ ನನ್ನ ಶಾಟುಗಳೆಲ್ಲ ಎಡಗಡೆಯ ಕಬ್ಬಿಣಕ್ಕೆ ಬಡಿದು ವಾಪಸು ಬರತೊಡಗಿದವು. ಮೂರು ವಾರ ಹಾಗೇ ನಡೆಯಿತು. ಟೀಮಿನವರು "ಏನ್ಲಾ ಕ್ಯಾಪ್ಟನ್ನು, ಕೈಗೆ ಏನಾಯ್ತು?" ಎಂದು ಕೇಳುತ್ತಿದ್ದರು. ವಾಲಿದ ರಿಂಗಿಗೆ ಪಳಗಿದ ಕೈ ಎಂದು ಯಾರ ಮುಂದೆ ಹೇಳಿಕೊಳ್ಳಲಿ?

ಅಲ್ಲಿಂದ ಶುರುವಾಯಿತು. ಅವನು ವಾರಕ್ಕೊಮ್ಮೆ ಮುಳಬಾಗಿಲು ದೋಸೆಯ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದ. ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರೂ ಅದರ ಮೇಲೆ ಬೀಳುತ್ತಿದ್ದರು. ನಾನು "ಮನೇಲಿ ತಿಂದ್ಕೊಂಡ್ ಬಂದೆ" ಎಂದು ಬೂಟಿನ ದಾರ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ತುಪ್ಪದ ಘಮ ಮೂಗಿಗೆ ಬಡಿಯುತ್ತಿತ್ತು, ಹೊಟ್ಟೆ ಗುರ್ ಎನ್ನುತ್ತಿತ್ತು. ಇಡೀ ವರ್ಷ ಒಂದು ತುಂಡನ್ನೂ ಬಾಯಿಗೆ ಹಾಕಲಿಲ್ಲ. ಅದರಿಂದ ಅವನಿಗೆ ನಷ್ಟವೇನೂ ಆಗಲಿಲ್ಲ ಎಂಬುದು ನನಗೆ ತಿಳಿಯದೆ ಇರಲಿಲ್ಲ.

ಒಂದು ದಿನ ಬಸ್ಸು ತಪ್ಪಿತೆಂದು ಟೀಮಿನವರೇ ಅವನನ್ನು ನಮ್ಮ ಮನೆಗೆ ಕರೆತಂದರು. ನಮ್ಮದು ತೆಲುಗು ಮನೆಮಾತು. ಅಮ್ಮ ಹೊಗಳುವುದು ತೆಲುಗಿನಲ್ಲಿ, ನನ್ನನ್ನು ಬೈಯುವುದು ಕನ್ನಡದಲ್ಲಿ. ಅವನು ಆಂಧ್ರದ ಗಡಿ ಕಡೆಯವನಲ್ಲವೆ, ಅಮ್ಮನ ಜೊತೆ ತೆಲುಗಿನಲ್ಲೇ ಮಾತಿಗೆ ಕೂತ. ಮುದ್ದೆ, ಬಸ್ಸಾರು ಉಂಡು ತಟ್ಟೆ ತಾನೇ ತೊಳೆದಿಟ್ಟ. ಅವನು ಹೋದ ಮೇಲೆ ಅಮ್ಮ "ಎಂತ ಮಂಚಿ ಪಿಲ್ಲೋಡು!", ಎಷ್ಟು ಒಳ್ಳೆ ಹುಡುಗ, ಎಂದು ಎರಡು ಸಲ ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಇದೀಯ, ತಟ್ಟೇಲೇ ಕೈ ತೊಳ್ಕೊಳೋನು" ಎಂದಳು. ಇಷ್ಟು ದಿನ ಆ ಮನೆಯಲ್ಲಿ ನಾನು ತಟ್ಟೆಯಲ್ಲಿ ಕೈ ತೊಳೆದದ್ದು ಯಾರಿಗೂ ಕಂಡಿರಲೇ ಇಲ್ಲ.

ಇನ್ನು ನಮ್ಮ ಟೀಮಿನ ರಬ್ಬರ್ ಬ್ಯಾಂಡಿನ ಪದ್ಧತಿ ಹೇಳಬೇಕು. ಬ್ಯಾಸ್ಕೆಟ್‌ಬಾಲಿನಲ್ಲಿ ಒಬ್ಬ ಐದು ಫೌಲ್ ಮಾಡಿದರೆ ಆ ಪಂದ್ಯದಿಂದ ಹೊರಗೆ, ಮತ್ತೆ ಒಳಗೆ ಬರುವಂತಿಲ್ಲ. ದೊಡ್ಡ ಊರುಗಳಲ್ಲಿ ಯಾರದು ಎಷ್ಟಾಯಿತು ಎಂದು ಬೋರ್ಡಿನಲ್ಲಿ ಕಾಣುತ್ತದೆ. ನಮ್ಮ ಕಡೆ ಯಾರೋ ಒಬ್ಬ ಲೆಕ್ಚರರು ಮೇಜಿನ ಮುಂದೆ ಕೂತು ಹಾಳೆಯಲ್ಲಿ ಗೀಟು ಹಾಕುತ್ತಿದ್ದರು. ಹಿಂದೆ ನಮ್ಮವನೊಬ್ಬ ತನ್ನದು ಮೂರೇ ಎಂದುಕೊಂಡು ಆಡಿ, ಐದಾಗಿ, ಮೇಜಿನ ಹತ್ತಿರ ಜಗಳಕ್ಕೆ ನಿಂತು ಮರ್ಯಾದೆ ಕಳೆದಿದ್ದ. ಪಿ.ಡಿ. ಸರ್‌ಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಕನ್ನಡಕ ಹಾಕುವುದಕ್ಕೆ ಜಂಬ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ಸೊಪ್ಪಿನ ಕಟ್ಟಿಗೆ ಹಾಕುವ ಕೆಂಪು ರಬ್ಬರ್ ಬ್ಯಾಂಡುಗಳನ್ನು ಕ್ಯಾಪ್ಟನ್ ಎಡಗೈಯಲ್ಲಿ ಹಾಕಿಕೊಂಡಿರಬೇಕು. ನಮ್ಮವರು ಯಾರು ಫೌಲ್ ಮಾಡಿದರೂ ಅವರಿಗೆ ಒಂದು ಕೊಡಬೇಕು, ಅವರು ಅದನ್ನು ಬಲ ಮುಂಗೈಗೆ ಹಾಕಿಕೊಳ್ಳಬೇಕು. ನಾಲ್ಕು ಬ್ಯಾಂಡಾದವನನ್ನು ಸರ್ ಹೊರಗೆ ಕೂರಿಸಿ, ಕೊನೆಯ ಎರಡು ಮೂರು ನಿಮಿಷಕ್ಕೆ ಮತ್ತೆ ಇಳಿಸುತ್ತಿದ್ದರು. ಬೇರೆ ಕಾಲೇಜಿನವರು "ಸೊಪ್ಪಿನಂಗಡಿಯವರು ಬಂದ್ರು" ಎಂದು ನಗುತ್ತಿದ್ದರು. ಅಂಪೈರುಗಳು ಗೊಣಗುತ್ತಲೇ ಬಿಡುತ್ತಿದ್ದರು. ಬ್ಯಾಂಡು ಕೊಡುವುದು ಕ್ಯಾಪ್ಟನ್ನಿನ ಕೆಲಸ. ಅದರಲ್ಲಿ ನಾನು ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷದ ಪಂದ್ಯಾವಳಿಯಲ್ಲಿ ಒಂದೊಂದು ಸುತ್ತು ಒಂದೊಂದು ಊರಿನಲ್ಲಿ. ಮೊದಲನೆಯದು ಮಾಲೂರು. ಅಲ್ಲಿ ಅವನು ಮೂವರನ್ನು ದಾಟಿಕೊಂಡು ಹೋಗಿ ಹಾಕಿದ ಒಂದು ಬ್ಯಾಸ್ಕೆಟ್ಟಿಗೆ ಎದುರು ಟೀಮಿನ ಹುಡುಗರೇ ಚಪ್ಪಾಳೆ ತಟ್ಟಿದರು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ನಡುವೆ ಅವನು, ಕೈಯಲ್ಲಿ ಚೆಂಡು. ಎಡತುದಿಯಲ್ಲಿ ಒಂದು ಕಿವಿ, ಅರ್ಧ ಕೆನ್ನೆ. ಅದು ನಾನು. ಅಪ್ಪ ಆ ಪೇಪರು ನೋಡಿ, "ಚೆಂಡು ಕುಟ್ಟೋಕೆ ಕಾಲೇಜಿಗ್ ಹೋಗ್ತೀನಿ ಅಂತೀಯ, ಪೇಪರಲ್ಲಿ ಬೇರೆ ಯಾರೋ ಕುಟ್ತಾ ಇದಾನೆ" ಎಂದರು. ಅಪ್ಪ ನನ್ನ ಒಂದು ಪಂದ್ಯಕ್ಕೂ ಬಂದವರಲ್ಲ.

ಶ್ರೀನಿವಾಸಪುರದ ಸೆಮಿಫೈನಲ್‌ನಲ್ಲಿ ನಾನು ಅವನಿಗೆ ಪಾಸು ಕೊಡುವುದನ್ನೇ ನಿಲ್ಲಿಸಿದೆ. ಚೆಂಡು ಮೊದಲು ನನ್ನ ಕೈಗೇ ಬರುವುದು. ಯಾರಿಗೆ ಕೊಡಬೇಕೆಂಬುದು ನನ್ನ ಇಷ್ಟ. ಅವನು ಖಾಲಿ ನಿಂತು ಕೈಯೆತ್ತಿದರೂ ನಾನು ಇನ್ನೊಂದು ಕಡೆ ನೋಡುತ್ತಿದ್ದೆ. ಹನ್ನೊಂದು ಪಾಯಿಂಟ್ ಹಿಂದೆ ಬಿದ್ದೆವು. ಪಿ.ಡಿ. ಸರ್ ಬೆಂಚಿನಿಂದ "ಲೇ, ಅವ್ನಿಗ್ ಕೊಡೋ! ಕಣ್ಣು ಕಾಣ್ಸಲ್ವೇನೋ ನಿಂಗೆ?" ಎಂದು ಕೂಗಿದರು. ದೂರದ್ದು ಕಾಣದವರು ಹಾಗೆ ಕೇಳಿದ್ದು. ಕೊಡತೊಡಗಿದೆ, ಅಂತರ ಕರಗಿತು. ಕೊನೆಯ ಗಳಿಗೆಯಲ್ಲಿ ಅವನ ಮೇಲೆ ಇಬ್ಬರು ಮುಗಿಬಿದ್ದಾಗ ಅವನು ತಿರುಗಿಯೂ ನೋಡದೆ ಚೆಂಡನ್ನು ಬೆನ್ನ ಹಿಂದಿನಿಂದ ನನಗೆ ತಳ್ಳಿದ. ನಾನು ಹಾಕಿದೆ, ಗೆದ್ದೆವು. ಗೆಲುವಿನ ಬ್ಯಾಸ್ಕೆಟ್ಟು ನನ್ನದು. ವಾಪಸು ಬರುವ ಬಸ್ಸಿನಲ್ಲಿ ಕೋಲಾರ ಬರುವವರೆಗೂ ಎಲ್ಲರೂ ಮಾತಾಡಿದ್ದು ಅವನ ಪಾಸಿನ ಬಗ್ಗೆ.

ಫೈನಲ್ ಬಂದದ್ದು ಮುಳಬಾಗಿಲಿಗೆ. ಅವನ ಊರಿಗೇ.

ಆ ಸಂಜೆ ಅವರ ಬೀದಿಯ ಅರ್ಧ ಜನ ಮೈದಾನದ ಕಾಂಪೌಂಡಿನ ಮೇಲೆ ಕೂತಿದ್ದರು. ಅವನಪ್ಪ ಅಂಗಡಿ ಮುಚ್ಚಿ ಬಂದಿದ್ದರು. ಚಿಕ್ಕಪ್ಪಂದಿರು, ಪಕ್ಕದ ಪಂಕ್ಚರ್ ಅಂಗಡಿಯವರು, ದೋಸೆ ಹೋಟೆಲಿನವರೂ ಇದ್ದರು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆರಿಸುವವರಿಬ್ಬರು, ತೊಡೆಯ ಮೇಲೆ ನೋಟ್‌ಬುಕ್ಕು. ಅವನು ಚೆಂಡು ಮುಟ್ಟಿದರೆ ಕಾಂಪೌಂಡು ಕೂಗುತ್ತಿತ್ತು. ನಾನು ಮುಟ್ಟಿದರೆ "ಅವ್ನಿಗ್ ಕೊಡು, ಅವ್ನಿಗ್ ಕೊಡು" ಎನ್ನುತ್ತಿತ್ತು.

ಮೂರನೆಯ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಅವನ ಮುಂಗೈಯಲ್ಲಿ ಮೂರು ಬ್ಯಾಂಡು. ಕೊನೆಯ ಕ್ವಾರ್ಟರ್ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ರಿಂಗಿನ ಕೆಳಗೆ ನಾಲ್ಕೈದು ಜನ ಒಟ್ಟಿಗೆ ಹಾರಿದರು, ಎದುರಿನವನೊಬ್ಬ ಬಿದ್ದ, ವಿಸಿಲ್ ಆಯಿತು. ಅಂಪೈರು ಮೇಜಿನ ಕಡೆ ತಿರುಗಿ ಬೆರಳಿನಲ್ಲಿ ನಂಬರ್ ತೋರಿಸಿದರು. ಅದು ಅವನ ನಂಬರು. ನಾನು ಸ್ಪಷ್ಟವಾಗಿ ಕಂಡೆ. ಅವನು ಆಗ ಬಗ್ಗಿ, ಬಿದ್ದವನ ಕೈ ಹಿಡಿದು ಎತ್ತುತ್ತಿದ್ದ.

ಆಗ ನನ್ನ ತಲೆ ಎಷ್ಟು ವೇಗವಾಗಿ ಓಡಿತೆಂದರೆ ಪರೀಕ್ಷೆಯಲ್ಲೂ ಹಾಗೆ ಓಡಿದ್ದಿಲ್ಲ. ನಾಲ್ಕನೆಯ ಬ್ಯಾಂಡು ಕೊಟ್ಟರೆ ಸರ್ ಅವನನ್ನು ಕೂರಿಸುತ್ತಾರೆ. ಕೊನೆಗೆ ಮತ್ತೆ ಇಳಿಸುತ್ತಾರೆ. ಇಳಿದು, ದಣಿವಾರಿಸಿಕೊಂಡ ಕಾಲಿನಲ್ಲಿ ನಾಲ್ಕು ಬ್ಯಾಸ್ಕೆಟ್ಟು ಹಾಕಿ ಎಲ್ಲವನ್ನೂ ಬಾಚಿಕೊಂಡು ಹೋಗುತ್ತಾನೆ. ಕೊಡದಿದ್ದರೆ ಮೂರೇ ಎಂದುಕೊಂಡು ಆಡುತ್ತಾನೆ. ಆಡುತ್ತ ಆಡುತ್ತ ಐದನೆಯದನ್ನು ಮಾಡಿ ಒಂದೇ ಸಲ ಹೊರಗೆ ಹೋಗುತ್ತಾನೆ. ನಮ್ಮ ಟೀಮಿನಲ್ಲಿ ಒಬ್ಬ ಉದ್ದನೆಯವನಿದ್ದ, ಏನು ಕೊಟ್ಟರೂ ಕೇಳದೆ ತೆಗೆದುಕೊಳ್ಳುವ ಪಾಪದವನು. ಅವನೂ ಆ ಗುಂಪಿನಲ್ಲಿ ಹಾರಿದ್ದ. ನಾನು ಕೈಯಿಂದ ಒಂದು ಬ್ಯಾಂಡು ಬಿಚ್ಚಿ ಉದ್ದನೆಯವನಿಗೆ ಕೊಟ್ಟೆ. ಅವನು "ನಂದಾ?" ಎನ್ನುತ್ತಲೇ ಹಾಕಿಕೊಂಡ.

ಬೆಂಚಿನಿಂದ ಸರ್ "ಯಾರ್ದೋ?" ಎಂದು ಕೂಗಿದರು. ನಾನು ಉದ್ದನೆಯವನ ಕೈಯನ್ನು ಎತ್ತಿ ತೋರಿಸಿದೆ.

ಆಮೇಲಿನ ಏಳು ನಿಮಿಷ ನಾನು ಅನುಭವಿಸಿದ ಸಂಕಟ ನನ್ನ ಶತ್ರುವಿಗೂ ಬೇಡ. ಏಕೆಂದರೆ ಅವನು ಫೌಲನ್ನೇ ಮಾಡಲಿಲ್ಲ! ಎದುರಿನವರನ್ನು ತಡೆಯುವಾಗ ಕೈ ಹಿಂದೆ ಇಟ್ಟುಕೊಂಡು ಆಡಿದ. ಆಡಿದ ಎಂದರೆ ಹೇಗೆ, ಆ ಏಳು ನಿಮಿಷದಲ್ಲಿ ಒಬ್ಬನೇ ಹತ್ತು ಪಾಯಿಂಟ್ ತಂದ. ಶಾಮಿಯಾನದ ಕೆಳಗೆ ಪೆನ್ನುಗಳು ಬಿಡುವಿಲ್ಲದೆ ಬರೆಯುತ್ತಿದ್ದವು. ಬ್ಯಾಂಡು ಕೊಟ್ಟಿದ್ದರೆ ಈ ಹೊತ್ತಿಗೆ ಬೆಂಚಿನ ಮೇಲೆ ಕೂತಿರುತ್ತಿದ್ದ, ನಾನೇ ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡೆ ಎಂದು ಮೈ ಪರಚಿಕೊಳ್ಳುವಂತಾಯಿತು.

ಒಂದು ನಿಮಿಷವೂ ಉಳಿದಿರಲಿಲ್ಲ. ನಾವು ಎರಡು ಪಾಯಿಂಟ್ ಮುಂದಿದ್ದೆವು. ಎದುರಿನವನೊಬ್ಬ ನನ್ನನ್ನೇ ದಾಟಿಕೊಂಡು ಹೋದ. ಹೌದು, ಅವನನ್ನು ತಡೆಯಬೇಕಾಗಿದ್ದವನು ನಾನು. ಅವನು ರಿಂಗಿನ ಕೆಳಗೆ ಒಬ್ಬನೇ, ಖಚಿತವಾಗಿ ಎರಡು ಪಾಯಿಂಟ್. ಆಗ ಇವನು ಎಲ್ಲಿಂದಲೋ ಓಡಿ ಬಂದು ಹಾರಿದ. ಚೆಂಡಿಗೂ ಕೈ ಬಿತ್ತು, ಎದುರಿನವನ ತೋಳಿಗೂ ಬಿತ್ತು. ಬ್ಯಾಸ್ಕೆಟ್ಟು ಆಗಲಿಲ್ಲ. ವಿಸಿಲ್ ಆಯಿತು. ಮೇಜಿನಿಂದ ಲೆಕ್ಚರರು ಎದ್ದು ನಿಂತು ಐದು ಬೆರಳು ತೋರಿಸಿದರು.

ಕಾಂಪೌಂಡು ತಣ್ಣಗಾಯಿತು. ಅವನು ಯಾರ ಜೊತೆಯೂ ವಾದಿಸದೆ ಜೆರ್ಸಿಯ ತುದಿಯಿಂದ ಮುಖ ಒರೆಸಿಕೊಂಡು ಬೆಂಚಿಗೆ ಹೋದ. ಎದುರಿನವನಿಗೆ ಎರಡು ಫ್ರೀ ಥ್ರೋ. ಅಲ್ಲಿಯವರೆಗೆ ಒಂದನ್ನೂ ತಪ್ಪಿಸದವನು ಒಂದನ್ನು ಹಾಕಿ ಒಂದನ್ನು ತಪ್ಪಿಸಿದ. ನಾವು ಒಂದು ಪಾಯಿಂಟ್ ಮುಂದೆ. ಚೆಂಡು ನನ್ನ ಕೈಗೆ ಬಂತು. ಸೆಕೆಂಡುಗಳು ಕಳೆಯಲೆಂದು ಕುಟ್ಟಿಕೊಂಡು ಓಡಾಡಿದೆ. ಅವರು ನನ್ನ ಮೇಲೆ ಫೌಲ್ ಮಾಡಿದರು. ನಾನು ಎರಡೂ ಫ್ರೀ ಥ್ರೋ ಹಾಕಿದೆ. ಮುಳಬಾಗಿಲಿನ ರಿಂಗು ನೆಟ್ಟಗಿತ್ತು, ನನ್ನ ಕೈಯೂ ಅಷ್ಟರಲ್ಲಿ ನೆಟ್ಟಗಾಗಿತ್ತು. ಗೆದ್ದೆವು.

ಪಿ.ಡಿ. ಸರ್ ಅವನ ಮುಂಗೈ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಏನಯ್ಯಾ, ಇಲ್ಲಿ ಮೂರೇ ಇದೆ. ಐದು ಹೆಂಗಾಯ್ತು?"

"ಗಡಿಬಿಡೀಲಿ ಉದ್ದನೆಯವನಿಗೆ ಕೊಟ್ಬಿಟ್ಟೆ ಸಾರ್. ವಿಸಿಲ್ ಯಾರ್ದು ಅಂತ ಗೊತ್ತಾಗ್ಲಿಲ್ಲ."

ಅವನು ಪಕ್ಕದಲ್ಲೇ ಇದ್ದ. "ಅಣ್ಣನ್ನ ಬೈಬೇಡಿ ಸಾರ್. ನಂದೇ ತಪ್ಪು" ಎಂದ. ಅವನಪ್ಪ ಕಾಂಪೌಂಡಿನಿಂದ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಗೆದ್ದ್ರಲ್ಲ ಬೇಟಾ, ಅಷ್ಟ್ ಸಾಕು" ಎಂದರು. ಆಗಲೂ ನನಗೆ ಅನ್ನಿಸಿದ್ದು, ಇಂಥ ಅಪ್ಪನೂ ಇವನಿಗೇ ಸಿಗಬೇಕೆ ಎಂದು.

ಆರಿಸುವವರಲ್ಲಿ ಹಿರಿಯರು ಸರ್‌ಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. "ಆ ಹುಡುಗ ಚೆನ್ನಾಗಿ ಆಡ್ತಾನೆ ಸಾರ್, ಆದ್ರೆ ತಲೆ ಇಲ್ಲ. ನಾಲ್ಕು ಫೌಲ್ ಇಟ್ಕೊಂಡು ಯಾರಾದ್ರೂ ಹಂಗ್ ಹಾರ್ತಾರಾ? ಮೊದಲ್ನೇ ವರ್ಷ ತಾನೇ, ಮುಂದಿನ್ ಸಲ ನೋಡೋಣ. ನಿಮ್ ಕ್ಯಾಪ್ಟನ್ ನೋಡಿ, ಕೊನೆಗಳಿಗೇಲಿ ಎಷ್ಟ್ ನಿಧಾನ." ಆ ಜಾಗದಲ್ಲಿ ಪಶ್ಚಾತ್ತಾಪ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕುಣಿಯುವಷ್ಟು ಸಂತೋಷವಾಯಿತು.

ಬ್ಲೇಜರ್ ಬಂತು. ಯೂನಿವರ್ಸಿಟಿ ಟೀಮಿನ ಜೊತೆ ತಮಿಳುನಾಡಿಗೆ ಹೋದೆ. ಮೂರು ಪಂದ್ಯ ಬೆಂಚಿನ ಮೇಲೆ ಕೂತೆ. ಸೋತು ಮುಗಿದಿದ್ದ ಒಂದು ಪಂದ್ಯದ ಕೊನೆಯಲ್ಲಿ ಎರಡು ನಿಮಿಷ ಇಳಿಸಿದರು, ಚೆಂಡು ನನ್ನ ಹತ್ತಿರ ಒಮ್ಮೆ ಬಂತು. ಮುಂದಿನ ವರ್ಷ, ನಾನು ಕಾಲೇಜು ಬಿಟ್ಟ ಮೇಲೆ, ನಮ್ಮ ಟೀಮು ಮೊದಲ ಸುತ್ತಿನಲ್ಲೇ ಸೋತಿತು. ಆರಿಸುವವರು ನೋಡುವ ಹಂತಕ್ಕೆ ಅವನು ಬರಲೇ ಇಲ್ಲ. ಅದರ ಮುಂದಿನ ವರ್ಷ ಪಿ.ಡಿ. ಸರ್ ನಿವೃತ್ತರಾದರು, ಟೀಮೇ ಇರಲಿಲ್ಲ. ಆ ಸುದ್ದಿಯನ್ನು ಯಾರೋ ಫೋನಿನಲ್ಲಿ ಹೇಳಿದಾಗ ಮೊದಲ ಸಲ ನನಗೆ ಊಟ ಸೇರಲಿಲ್ಲ.

ಈಗ ನಾನು ಶ್ರೀನಿವಾಸಪುರದ ಒಂದು ಸಹಕಾರ ಸಂಘದಲ್ಲಿ ಕೆಲಸದಲ್ಲಿದ್ದೇನೆ. ಕಳೆದ ವರ್ಷ ಸಣ್ಣದೊಂದು ಮನೆ ಕಟ್ಟಿಸಿದೆವು. ಗ್ರಿಲ್ ಮಾಡಿಸುವುದಿದ್ದರೆ ಮುಳಬಾಗಿಲಿನಲ್ಲಿ ಒಬ್ಬರಿದ್ದಾರೆ, ಅವರ ಕೈಯಲ್ಲೇ ಮಾಡಿಸಬೇಕು ಎಂದು ನನ್ನ ಹೆಂಡತಿ ಹಟ ಹಿಡಿದಳು. ಅವಳು ಪಾಠ ಮಾಡುವ ಶಾಲೆಯ ಗೇಟು ಮಾಡಿದ್ದು ಅವರೇ ಅಂತೆ. ಯಾರಿರಬಹುದು ಎಂಬ ಅನುಮಾನ ಇಟ್ಟುಕೊಂಡೇ ಹೋದೆ. ಅವನೇ. ಎಂಟು ವರ್ಷವಾಗಿತ್ತು. "ಅಣ್ಣಾ!" ಎಂದು ಬೆಸುಗೆಯ ಕನ್ನಡಕ ಹಣೆಗೆ ಏರಿಸಿಕೊಂಡು ಓಡಿ ಬಂದ. ಅಳತೆ ಬರೆದುಕೊಂಡ, ಟೀ ತರಿಸಿದ, ನಾಲ್ಕೂವರೆಗೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, "ಬನ್ನಿ ಅಣ್ಣ, ಒಂದ್ ಐಟಂ ತೋರಿಸ್ತೀನಿ" ಎಂದು ಬೈಕಿನಲ್ಲಿ ಕೂರಿಸಿಕೊಂಡ.

ಒಂದು ಹೈಸ್ಕೂಲಿನ ಕೋರ್ಟು. ಹತ್ತು ಹನ್ನೆರಡು ಹುಡುಗಿಯರು ಆಡುತ್ತಿದ್ದರು. ವಾರಕ್ಕೆ ನಾಲ್ಕು ದಿನ ಅವನು ಅವರಿಗೆ ಕಲಿಸುತ್ತಾನಂತೆ. ಅವನನ್ನು ನೋಡಿದ ಕೂಡಲೇ ಹುಡುಗಿಯರ ಕಾಲುಗಳಿಗೆ ಬೇರೆಯೇ ಚುರುಕು ಬಂತು. ಇಲ್ಲೂ ಇವನಿಗೇ ಎಂದು ನನ್ನ ಒಳಗೆ ಆ ಹಳೆಯ ಉರಿ ಎದ್ದಿತು. ಅಷ್ಟರಲ್ಲಿ ಒಬ್ಬಳು ಫೌಲ್ ಮಾಡಿದಳು. ಅವನು ಆಟ ನಿಲ್ಲಿಸಿ, "ಎಷ್ಟನೇದು? ಗೊತ್ತಿಲ್ವಾ? ನಿನ್ ಫೌಲು ನೀನೇ ಎಣಿಸ್ಕೋಬೇಕಮ್ಮ, ಬೇರೆಯವ್ರು ಹೇಳ್ತಾರೆ ಅಂತ ಕಾಯ್ಬಾರ್ದು" ಎಂದ.

ನನಗೆ ಕೇಳಲೆಂದೇ ಹೇಳಿದ ಎಂದುಕೊಂಡೆ. ಇನ್ನು ಇಟ್ಟುಕೊಳ್ಳಲಾಗಲಿಲ್ಲ.

"ಆವತ್ತು ಫೈನಲ್‌ನಲ್ಲಿ ಬ್ಯಾಂಡು ಉದ್ದನೆಯವನಿಗೆ ಕೊಟ್ನಲ್ಲ, ಅದು ಗಡಿಬಿಡೀಲಿ ಅಲ್ಲ ಕಣೋ" ಎಂದೆ. "ನಿಂದೇ ನಂಬರ್ ತೋರ್ಸಿದ್ದು ನಾನು ನೋಡಿದ್ದೆ. ಬೇಕೂ ಅಂತ್ಲೇ ಕೊಡ್ಲಿಲ್ಲ."

"ಗೊತ್ತಣ್ಣ" ಎಂದ ಅವನು, ಕಣ್ಣು ಆಟದ ಮೇಲೇ ಇಟ್ಟುಕೊಂಡು. "ನಾಲ್ಕಾಗಿದ್ದು ನಂಗೂ ಗೊತ್ತಿತ್ತು. ನಾನು ಎಣಿಸ್ಕೊಂತಾನೇ ಇದ್ದೆ. ನಂಗ್ ಕೊಟ್ಟಿದ್ರೆ ಸಾರ್ ಕೂರಿಸ್ಬಿಡೋರು. ನಮ್ಮೂರು, ನಮ್ಮಪ್ಪ ಗೋಡೆ ಮೇಲೆ ಕೂತಿದ್ರು. ನಾನ್ ಆಡ್ಲಿ ಅಂತ ನೀವು ಹಂಗ್ ಮಾಡಿದ್ರಿ. ನಿಮಗೂ ಸೆಲೆಕ್ಷನ್ ಇತ್ತು, ಆದ್ರೂ ಮಾಡಿದ್ರಿ. ಬೇರೆ ಯಾವ ಕ್ಯಾಪ್ಟನ್ನು ಮಾಡ್ತಾನೆ ಹೇಳಿ?"

"ಗೊತ್ತಿದ್ದೂ ಯಾಕೋ ಹಾರ್ದೆ ಮತ್ತೆ?"

"ಹಾರ್ದೇ ಇದ್ರೆ ಸ್ಕೋರು ಸಮ ಆಗ್ತಿತ್ತಲ್ಲಣ್ಣ." ಇದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನನ್ನು ನೋಡಿದ. "ನೀವು ಅಷ್ಟು ನಂಬಿ ಬಿಟ್ಟಿದೀರ. ನನ್ ಫೌಲ್ ಉಳಿಸ್ಕೊಂಡು ಸುಮ್ನೆ ನಿಂತ್ಕೊಳ್ಳಕ್ಕಾಗ್ತದಾ?"

"ಹಂಗಲ್ಲ ಕಣೋ. ನೀನು ತಿಳ್ಕೊಂಡಿರೋದು..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಅವನು ಹುಡುಗಿಯರ ಕಡೆ ತಿರುಗಿ ಕೈ ಬೀಸಿದ್ದ. "ಏ, ಬನ್ರೇ ಎಲ್ರೂ! ನಮ್ಮ ಕ್ಯಾಪ್ಟನ್ ಬಗ್ಗೆ ಹೇಳ್ತಾ ಇರ್ತೀನಲ್ಲ, ಇವ್ರೇ ನೋಡಿ."

ಹುಡುಗಿಯರು ಓಡಿ ಬಂದು ಸುತ್ತ ನಿಂತರು. ಎಲ್ಲರಿಗಿಂತ ಚಿಕ್ಕವಳೊಬ್ಬಳು ಏದುಸಿರು ಬಿಡುತ್ತ, "ನೀವೇನಾ ಸಾರ್ ಅದು?" ಎಂದು ಕೇಳಿದಳು.

"ಹೌದಮ್ಮ" ಎಂದೆ. ಇವನು ಹುಡುಗಿಯರಿಗೆಲ್ಲ ಹೇಳಿಕೊಂಡು ಬಂದಿದ್ದ ಆ ಕ್ಯಾಪ್ಟನ್ನಿನ ಮೇಲೆ ಆ ಸಂಜೆ ನನಗೆ ಆದಷ್ಟು ಹೊಟ್ಟೆಕಿಚ್ಚು ಇವನ ಮೇಲೂ ಯಾವತ್ತೂ ಆಗಿರಲಿಲ್ಲ.